ಪುಟ್ಟಬುದ್ಧಿ ಸಾರ್ ಮಾಡಿದ ಟೈಮ್‌ಟೇಬಲ್

ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಮೇಲೆದ್ದ ವಿಮಾನ ನಂಜನಗೂಡಿನ ನಮ್ಮ ಕಾಲೇಜಿನ ಮೇಲೆ ಹಾದುಹೋದರೆ ಹುಡುಗರೆಲ್ಲ ಕಿಟಕಿಗೆ ಮುಗಿಬಿದ್ದು ಆಕಾಶ ನೋಡುತ್ತಿದ್ದರು. ಪುಟ್ಟಬುದ್ಧಿ ಸಾರ್ ಮಾತ್ರ ಕೈಗಡಿಯಾರ ನೋಡುತ್ತಿದ್ದರು. ಕ್ಲಾಸು ತಪ್ಪಿಸಿಕೊಂಡ ಹುಡುಗನನ್ನು ಕ್ಯಾಂಟೀನಿನಲ್ಲಿ ಹಿಡಿದವರ ಹಾಗೆ ತುಟಿ ಕೊಂಕಿಸಿ, “ಇವತ್ತೂ ಲೇಟು. ಅಲ್ಲಿ ಐದ್ರಾಬಾದ್ನಲ್ಲಿ ಒಬ್ಬ ಪೈಲಟ್ಟು ಇದನ್ನ ಕಾಯ್ತಾವ್ನೆ. ಅವನ್ನ ಚೆನ್ನೈಲಿ ಇನ್ನೊಂದು ವಿಮಾನ ಕಾಯ್ತಾ ನಿಂತದೆ. ಬರ್ಕಳ್ರಲಾ, ನಿಮ್ಮನ್ನ ಯಾರೂ ಕಾಯ್ತಿಲ್ಲ,” ಎಂದು ಬೋರ್ಡಿನ ಕಡೆ ತಿರುಗುತ್ತಿದ್ದರು.

ನಮ್ಮ ಕಡೆ ಸ್ವಾಮಿಗಳನ್ನು ‘ಬುದ್ಧಿ’ ಎಂದು ಕರೆಯುವುದರಿಂದ ಪುಟ್ಟಬುದ್ಧಿ ಎಂಬುದು ಭಕ್ತಿಯಿಂದ ಇಟ್ಟ ಹೆಸರು. ಹೊರಗಿನಿಂದ ತಪಾಸಣೆಗೆ ಬಂದವರು ಮಾತ್ರ ಗಣಿತದ ಮೇಷ್ಟರ ಹೆಸರು ಕೇಳಿ ನಗು ತಡೆದುಕೊಳ್ಳಲು ಕೆಮ್ಮುತ್ತಿದ್ದರು. ಇವರು ಅವರಿಗೆ ನೀರು ತರಿಸಿಕೊಡುತ್ತಿದ್ದರು.

ಅವರ ಊರು ತಿ. ನರಸೀಪುರ. ನಮ್ಮ ಕಾಲೇಜಿಗೆ ಬರುವ ಮುಂಚೆ ಮುಂಬೈಯಲ್ಲಿ ಒಂದು ವಿಮಾನ ಕಂಪನಿಯ ಪ್ಲಾನಿಂಗ್ ವಿಭಾಗದಲ್ಲಿದ್ದರು. ಯಾವ ವಿಮಾನ ಯಾವ ಊರಿಗೆ ಹೋಗಬೇಕು, ಅದರಲ್ಲಿ ಯಾವ ಪೈಲಟ್, ಯಾವ ಗಗನಸಖಿ, ಅವರು ಎಲ್ಲಿ ಮಲಗಿ ಎದ್ದು ಬೆಳಿಗ್ಗೆ ಯಾವುದನ್ನು ಹತ್ತಬೇಕು, ಇದನ್ನೆಲ್ಲ ಅತಿ ಕಡಿಮೆ ಖರ್ಚಿನಲ್ಲಿ ಜೋಡಿಸುವ ಗಣಿತ ಅವರದು. ಅಷ್ಟು ಚೆನ್ನಾಗಿ ಖರ್ಚು ಉಳಿಸಿಕೊಟ್ಟ ಮೇಲೆ ಕಂಪನಿ ಮುಳುಗಿಹೋಯಿತು. “ನಮ್ಮ ಪ್ಲಾನ್ನಲ್ಲಿ ತಪ್ಪಿರ್ಲಿಲ್ಲ ಕಣಮ್ಮ. ಎಣ್ಣೆ ಹಾಕ್ಸಕ್ಕೆ ದುಡ್ಡಿರ್ಲಿಲ್ಲ, ಅಷ್ಟೇಯ. ಅದೊಂದು ಬುಟ್ರೆ ಬಾಳ ಒಳ್ಳೆ ಕಂಪ್ನಿ,” ಎನ್ನುತ್ತಿದ್ದರು. ಊರಿಗೆ ಬಂದು ನಮ್ಮ ಟ್ರಸ್ಟಿನ ಕಾಲೇಜಿನಲ್ಲಿ ಗಣಿತ ಹೇಳುವ ಗುತ್ತಿಗೆ ಮೇಷ್ಟರಾದರು. ನಾನೂ ಅದೇ ವಿಭಾಗದಲ್ಲಿ, ಅದೇ ಸಂಬಳಕ್ಕೆ ಇದ್ದೆ. ಆಕಾಶದಲ್ಲಿ ಕಳೆದ ಅಷ್ಟು ವರ್ಷಗಳಿಗೆ ನಮ್ಮ ಟ್ರಸ್ಟಿನಲ್ಲಿ ಪ್ರತ್ಯೇಕ ಬೆಲೆ ಇರಲಿಲ್ಲ.

ಒಮ್ಮೆ ನಾನು ಕೇಳಿದೆ: ಅಷ್ಟು ವಿಮಾನ, ಅಷ್ಟು ಜನರನ್ನು ಎಷ್ಟೋ ಕೋಟಿ ಥರದಲ್ಲಿ ಜೋಡಿಸಬಹುದಲ್ಲ ಸಾರ್, ಕಂಪ್ಯೂಟರು ಅಷ್ಟನ್ನೂ ಕೂತು ನೋಡುತ್ತದೆಯೇ?

“ನಿನ್ನ ಮದ್ವೆಗೆ ನಿಮ್ಮಪ್ಪ ಕರ್ನಾಟಕದ ಗಂಡುಗಳ್ನೆಲ್ಲ ನೋಡಿದ್ರಾ ಸವಿತಮ್ಮ?”

“ಇಲ್ಲ ಸಾರ್. ನಾಲ್ಕೈದು ಜನ.”

“ಮತ್ತೆ ಎಂಗೆ ಒಪ್ಕಂಡ್ರು? ಕೈಯಲ್ಲೊಂದು ಸಂಬಂಧ ಇಟ್ಕಂಡು, ಇದ್ಕಿಂತ ವಾಸಿ ಇದ್ರೆ ತಕ್ಕೊಂಡು ಬನ್ನಿ ಅಂತ ನೆಂಟ್ರಿಗೆಲ್ಲ ಯೋಳಿರ್ತಾರೆ. ಯಾರೂ ತರ್ಲಿಲ್ಲ ಅಂದ್ಮೇಲೆ ಇರೋದೇ ಬೆಸ್ಟು. ಎಲ್ಲಾರ್ನೂ ನೋಡ್ಬೇಕಿಲ್ಲ. ಇದ್ಕಿಂತ ವಾಸಿಯಾದೋನು ಯಾರೂ ಉಳ್ದಿಲ್ಲ ಅಂತ ಗೊತ್ತಾದ್ರೆ ಸಾಕು.”

ಪುಸ್ತಕಗಳಲ್ಲಿ ಇದಕ್ಕೆ ಕಾಲಂ ಜನರೇಷನ್ ಎಂಬ ಹೆಸರಿದೆ, ಪುಟಗಟ್ಟಲೆ ಸಮೀಕರಣಗಳಿವೆ. ಅಷ್ಟರಲ್ಲಿ ತಾಂಡ್ಯದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿದ ನನ್ನ ಗಂಡ ನನ್ನನ್ನು ಕರೆದೊಯ್ಯಲು ಸ್ಕೂಟರಿನಲ್ಲಿ ಬಂದು ಗೇಟಿನ ಹತ್ತಿರ ನಿಂತಿದ್ದರು. ಸಾರ್ ಕಿಟಕಿಯಿಂದ ಒಂದು ಸಲ ನೋಡಿ, “ನಿಮ್ಮ ನೆಂಟ್ರು ಇನ್ನೊಂದು ಸ್ವಲ್ಪ ಉಡುಕ್ಬೋದಿತ್ತು,” ಎಂದರು. ಈಗ ನಾನೂ ತರಗತಿಯಲ್ಲಿ ಮದುವೆಯ ಉದಾಹರಣೆಯನ್ನೇ ಕೊಡುತ್ತೇನೆ, ಕೊನೆಯ ಮಾತೊಂದನ್ನು ಬಿಟ್ಟು.

ಅವರ ನಾಲಿಗೆಗೆ ಯಾರೂ ಹೊರತಲ್ಲ. ಟ್ರಸ್ಟಿಗೆ ನಂಜನಗೂಡಿನಲ್ಲೊಂದು, ನರಸೀಪುರದಲ್ಲೊಂದು ಕಾಲೇಜು. ನಾವು ಮೇಷ್ಟರುಗಳು ಸುತ್ತೂರಿನ ದಾರಿಯಲ್ಲಿ ಬಸ್ಸು ಹಿಡಿದು ಎರಡೂ ಕಡೆ ಓಡಾಡಿ ಪಾಠ ಮಾಡುತ್ತಿದ್ದೆವು. ಕೆಲಸ ಮಾಡದೆ ಒಂದು ಊರಿಂದ ಇನ್ನೊಂದು ಊರಿಗೆ ಸುಮ್ಮನೆ ಸೀಟು ತುಂಬಿಸಿಕೊಂಡು ಹೋಗುವ ಸಿಬ್ಬಂದಿಗೆ ವಿಮಾನದವರು ಡೆಡ್‌ಹೆಡ್ ಎನ್ನುತ್ತಾರೆ ಎಂದು ಅವರು ಸ್ಟಾಫ್‌ರೂಮಿನಲ್ಲಿ ವಿವರಿಸಿದಾಗ, ಮೂರು ನಾಲ್ಕು ಜನ ತಮ್ಮ ಹೆಸರು ಕೂಗಿದಂತೆ ತಿರುಗಿ ನೋಡಿದರು. ಸಾರ್ ಯಾರನ್ನೂ ಉದ್ದೇಶಿಸಿ ಹೇಳಿರಲಿಲ್ಲವಂತೆ.

ಹಾಗಂತ ಗಣಿತ ಅವರನ್ನು ಎಲ್ಲ ಕಡೆಯೂ ಕಾಪಾಡುತ್ತಿತ್ತು ಎಂದಲ್ಲ. ನರಸೀಪುರದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಟಿಕೆಟ್ ತೆಗೆದುಕೊಂಡವರಲ್ಲಿ ಕೆಲವರು ಬರುವುದೇ ಇಲ್ಲ, ಆದ್ದರಿಂದ ವಿಮಾನದವರು ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುತ್ತಾರೆ. ಅದೇ ನ್ಯಾಯದಲ್ಲಿ ಸಾರ್ ಕರೆದಷ್ಟು ಜನಕ್ಕೆ ಅಡುಗೆ ಮಾಡಿಸದೆ, ಬಾರದವರನ್ನು ಮೊದಲೇ ಕಳೆದು ಅಡುಗೆ ಭಟ್ಟರಿಗೆ ಹೇಳಿಬಿಟ್ಟರು. ನಮ್ಮ ಸೀಮೆಯಲ್ಲಿ ಊಟಕ್ಕೆ ಕರೆದವರು ಬಾರದೆ ಇರುವುದು ಯಾವ ಮಾಡೆಲ್ಲಿನಲ್ಲೂ ಇಲ್ಲ. ಕರೆದವರೆಲ್ಲ ಬಂದರು, ಮೂಗೂರಿನ ಕಡೆಯಿಂದ ಬಂದವರು ತಮ್ಮ ಮನೆಗೆ ಬಂದಿದ್ದ ನೆಂಟರನ್ನೂ ಕರೆತಂದರು.

“ನಿಮ್ಮ ವಿಮಾನ್ದಲ್ಲಿ ಇಂಗಾದ್ರೆ ಯಾನ್ ಮಾಡ್ತಿದ್ರಿ?” ಎಂದು ಅವರ ಹೆಂಡತಿ ಗೌರಮ್ಮನವರು ಸೌಟು ಹಿಡಿದುಕೊಂಡೇ ಬಂದು ಕೇಳಿದರು.

ಸಾರ್ ಅದಕ್ಕೂ ಸಿದ್ಧರಿದ್ದರು. ಸೀಟು ಬಿಟ್ಟುಕೊಡಲು ಒಪ್ಪಿದವರಿಗೆ ವಿಮಾನದವರು ಪರಿಹಾರ ಕೊಡುತ್ತಾರಂತೆ. ಪಂಕ್ತಿಯ ಮುಂದೆ ನಿಂತು, “ಮುಂದಿನ ಪಂಕ್ತಿಗೆ ಕಾಯಕ್ಕೆ ಯಾರಾದ್ರೂ ತಾವಾಗೇ ಒಪ್ಪಿದ್ರೆ, ಅವ್ರ್ಗೆ ಎರಡು ಹೋಳಿಗೆ ಜಾಸ್ತಿ,” ಎಂದು ಪ್ರಕಟಿಸಿದರು. ಪಂಕ್ತಿಗೆ ಪಂಕ್ತಿಯೇ ಎದ್ದು ನಿಂತಿತು. ಎಲೆಗಳ ಮುಂದೆ ಯಾರೂ ಇಲ್ಲ, ಹೋಳಿಗೆಗಾಗಿ ಎಲ್ಲರೂ ಬಾಗಿಲಲ್ಲಿ. ಕೊನೆಗೆ ಗೌರಮ್ಮನವರೇ ಪಕ್ಕದ ಮನೆಯವರಿಂದ ಅಕ್ಕಿ ತಂದು ಒಲೆ ಹಚ್ಚಿಸಿದರು. ಮರುದಿನ ಸಾರ್ ಸ್ಟಾಫ್‌ರೂಮಿನಲ್ಲಿ, “ಥಿಯರಿ ಸರೀಗೇ ಇತ್ತು, ಡೇಟಾ ಮುಂಬೈದಾಯ್ತು,” ಎಂದರು.

ನಾನು ಹೇಳಬೇಕಾದದ್ದು ಇದಾದ ಮೇಲಿನ ಸಂಗತಿ. ಕಾಲೇಜಿಗೆ ಸೇರುವವರು ಕಡಿಮೆಯಾದರು. ನಮ್ಮ ಟ್ರಸ್ಟಿನ ಸೆಕ್ರೆಟರಿಯವರು ಸೈಟುಗಳ ವ್ಯಾಪಾರದಿಂದ ವಿದ್ಯಾದಾನಕ್ಕೆ ಇಳಿದವರು. ಅವರು ಸಾರ್ ಅವರನ್ನು ಕರೆಸಿ, ಎರಡೂ ಕಾಲೇಜಿಗೆ ಸೇರಿಸಿ ಒಂದೇ ಟೈಮ್‌ಟೇಬಲ್ ಮಾಡಿಕೊಡಬೇಕೆಂದರು. “ವಿಮಾನ ಹೊಂದ್ಸಿದೋರ್ಗೆ ಇದ್ಯಾವ ಮಹಾ, ಮೇಷ್ಟ್ರೇ?”

“ಏನನ್ನ ಕಮ್ಮಿ ಮಾಡ್ಬೇಕು ಯೋಳಿ.”

“ಖರ್ಚು. ಇನ್ನೇನು?”

“ಉತ್ತರ ಈಗ್ಲೇ ಯೋಳ್ತೀನಿ. ಎರಡೂ ಕಾಲೇಜ್ ಮುಚ್ಚಿ. ಖರ್ಚು ಸೊನ್ನೆ. ಇದ್ಕಿಂತ ಕಮ್ಮಿದು ಯಾವ ಕಂಪ್ಯೂಟ್ರೂ ಕೊಡಲ್ಲ.”

ಸೆಕ್ರೆಟರಿಯವರು ನಗಲಿಲ್ಲ. ಕಿಟಕಿಯಾಚೆ ಕಾಲೇಜಿನ ಮೈದಾನವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, “ಇಲ್ಲ, ಸದ್ಯಕ್ಕೆ ನಡೀಲಿ,” ಎಂದರು. ಹಾಗಾಗಿ ನಿಬಂಧನೆಗಳನ್ನು ಹಾಕಬೇಕಾಯಿತು. ಎಲ್ಲ ತರಗತಿಗಳೂ ನಡೆಯಬೇಕು. ಒಬ್ಬ ಮೇಷ್ಟರು ಒಂದೇ ಹೊತ್ತಿಗೆ ಎರಡು ಊರಿನಲ್ಲಿ ಇರಬಾರದು. ನಡುವೆ ಬಸ್ಸಿನ ಸಮಯ, ಊಟದ ಸಮಯ ಸಿಗಬೇಕು. ಗಣಿತ ವಿಭಾಗದಲ್ಲಿದ್ದ ನಮ್ಮ ಮೂವರಲ್ಲಿ ಮುಖ್ಯಸ್ಥರು ಸೆಕ್ರೆಟರಿಯವರ ಅಳಿಯ. ಅವರು ಇದ್ದೇ ಇರಬೇಕು. “ಮಿಕ್ಕಿದ್ದನ್ನೆಲ್ಲ ಹೆಚ್ಚು ಕಮ್ಮಿ ಮಾಡ್ಬೋದು. ಅಳಿಯ ಮುಟ್ಬಾರದ ಕಂಡೀಷನ್ನು,” ಎಂದು ಸಾರ್ ನನಗೆ ವಿವರಿಸಿದರು.

ಆ ವೇಳೆಗೆ ನನ್ನ ಗಂಡನ ಫ್ಯಾಕ್ಟರಿಯಲ್ಲಿ ಗುತ್ತಿಗೆಯವರನ್ನು ಮನೆಗೆ ಕಳಿಸಿದ್ದರು. ನನ್ನ ಸಂಬಳವೊಂದರಲ್ಲೇ ಮನೆ ನಡೆಯುತ್ತಿತ್ತು. ಸಾರ್‌ಗೆ ಅದು ಗೊತ್ತಿತ್ತು, ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಟೈಮ್‌ಟೇಬಲ್ ಒಪ್ಪಿಸುವ ಮೀಟಿಂಗಿನ ದಿನ ಬೆಳಿಗ್ಗೆ ಸ್ಟಾಫ್‌ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಲ್ಯಾಪ್‌ಟಾಪು ಮುಚ್ಚಿ, “ನಮ್ಮ ವಿಭಾಗದಲ್ಲಿ ಒಬ್ರು ಜಾಸ್ತಿ ಕಣಮ್ಮ,” ಎಂದರು. “ಎರಡು ಉತ್ತರ ಬಂದದೆ. ಒಂದ್ರಲ್ಲಿ ನೀನಿಲ್ಲ, ಇನ್ನೊಂದ್ರಲ್ಲಿ ನಾನಿಲ್ಲ. ಖರ್ಚು ಎರಡಕ್ಕೂ ಒಂದೇ. ಇಬ್ರಲ್ಲಿ ಯಾರ್ ಬುಟ್ಟೋದ್ರೂ ನಷ್ಟ ಸೊನ್ನೆ ಅಂತದೆ ಕಂಪ್ಯೂಟ್ರು.”

ಇಬ್ಬರಲ್ಲಿ ಚಿಕ್ಕವಳು ನಾನು. ಇಂಥ ಕಡೆ ಹೋಗುವವರು ಯಾವಾಗಲೂ ಕಿರಿಯರೇ. ಅವರು ಅಷ್ಟು ಹೇಳಿ ಎದ್ದು ಚಹಾ ಕುಡಿಯಲು ಹೋದರು. ಅವರ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

ಮೀಟಿಂಗಿನಲ್ಲಿ ಅವರು ಒಂದೇ ಉತ್ತರವನ್ನು ಓದಿದರು. ತಾವಿಲ್ಲದ್ದನ್ನು.

ಸೆಕ್ರೆಟರಿಯವರ ಮುಖದಲ್ಲಿ ಮೂಡಿದ ದುಃಖವನ್ನು ನಾನು ಮರೆಯಲಾರೆ. ಅಷ್ಟು ಕಡಿಮೆ ದುಃಖವನ್ನು ಯಾರ ಮುಖದಲ್ಲೂ ಕಂಡಿಲ್ಲ. “ಕಂಪ್ಯೂಟ್ರೇ ಅಂದ್ಮೇಲೆ ನಾವ್ಯಾರು ಮೇಷ್ಟ್ರೇ,” ಎಂದರು. ಅಳಿಯಂದಿರು ತಲೆಯಾಡಿಸಿದರು. ನಾನು ಎದ್ದು, “ಇನ್ನೊಂದು ಉತ್ತರ...” ಎನ್ನುವಷ್ಟರಲ್ಲಿ ಸಾರ್ ಹುಡುಗರಿಗೆ ಗದರಿಸುವ ದನಿಯಲ್ಲಿ, “ಕುಂತ್ಕಳಮ್ಮ, ಡೌಟಿದ್ರೆ ಕ್ಲಾಸ್ ಮುಗುದ್ಮೇಲೆ ಕೇಳು,” ಎಂದರು.

ಮುಗಿದ ಮೇಲೆ ಗೇಟಿನವರೆಗೂ ಅವರ ಹಿಂದೆ ಹೋದೆ. ಅಳು ಬಂದಿತ್ತು. ಅದನ್ನು ಕಂಡು ಅವರಿಗೆ ರೇಗಿತು.

“ತ್ಯಾಗ ಗೀಗ ಅಂತ ತಿಳ್ಕಬ್ಯಾಡ. ಮುಂದಿನ ಸೆಮಿಸ್ಟರ್‌ಗೆ ಟೈಮ್‌ಟೇಬಲ್ ಯಾರ್ ಮಾಡ್ತಾರೆ? ಆ ಅಳಿಯನಾ? ಎರಡು ಊರು, ಇಷ್ಟು ಜನ, ತಲೆಕೆಳಗಾಗೋಯ್ತದೆ. ತಾವಾಗೇ ಕಾರ್ ಕಳಿಸ್ತಾರೆ, ನೋಡ್ತಿರು. ನಿನ್ನ ತೆಗುದ್ರೆ ಯಾರಮ್ಮ ಕಾರ್ ಕಳಿಸೋರು? ನಾನೋಗೋದೇ ಲಾಭ.”

ನನ್ನನ್ನು ಅಷ್ಟು ಹಗುರ ಮಾಡಿ ಮಾತಾಡಿದ್ದು ನನಗೆ ಸಮಾಧಾನವನ್ನೇ ತಂದಿತು. ಅವರು ಹೇಳಿದ್ದು ನಿಜವೆಂದೇ ನಂಬಿದೆ. ಅವರೂ ನಂಬಿದ್ದರು.

ಮುಂದಿನ ಸೆಮಿಸ್ಟರ್ ಬಂತು. ನಮ್ಮ ಗುಮಾಸ್ತ ಮಾದಪ್ಪ, ಸಾರ್ ಮಾಡಿದ್ದಕ್ಕೂ ಹಿಂದಿನ ಹಳೇ ಟೈಮ್‌ಟೇಬಲ್ಲಿನ ಮೇಲಿದ್ದ ತಲೆಬರಹ ಬದಲಿಸಿ, ಪುಟ್ಟಬುದ್ಧಿ ಸಾರ್ ತರಗತಿಗಳನ್ನು ಸಿಕ್ಕ ಸಿಕ್ಕವರಿಗೆ ಹಂಚಿ, ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದ. ಅದರ ಪ್ರಕಾರ ಇಲ್ಲಿಂದ ಒಬ್ಬ ಮೇಷ್ಟರು ಅಲ್ಲಿಗೂ, ಅಲ್ಲಿಂದ ಅದೇ ಪಾಠದವರು ಇಲ್ಲಿಗೂ ದಿನಾ ಹೊರಟು, ಸುತ್ತೂರಿನ ಹತ್ತಿರ ಬಸ್ಸಿನ ಕಿಟಕಿಯಿಂದ ಒಬ್ಬರಿಗೊಬ್ಬರು ಕೈಬೀಸುತ್ತಿದ್ದರು. ಗಾಳಿ ಚೆನ್ನಾಗಿರುತ್ತದೆ ಎಂದು ಇಬ್ಬರಿಗೂ ಖುಷಿ. ಖಾಲಿ ಪೀರಿಯಡ್ಡುಗಳು ಸಿಕ್ಕವೆಂದು ಹುಡುಗರಿಗೆ ಖುಷಿ. ಖರ್ಚು ಹೆಚ್ಚಾದದ್ದು ಸೆಕ್ರೆಟರಿಯವರಿಗೆ ತಿಳಿಯಲಿಲ್ಲ, ತಿಳಿಸುತ್ತಿದ್ದವರನ್ನು ಕಳಿಸಿಯಾಗಿತ್ತಲ್ಲ. ಮಾದಪ್ಪನಿಗೆ ಮೀಟಿಂಗಿನಲ್ಲಿ ಶಾಲು ಹೊದಿಸಿದರು. ಕಾರು ಯಾವ ಕಡೆಗೂ ಹೋಗಲಿಲ್ಲ.

ಪುಟ್ಟಬುದ್ಧಿ ಸಾರ್ ಈಗ ಇಲ್ಲ. ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದೇ ಸೆಮಿಸ್ಟರಿನಲ್ಲಿ. ನರಸೀಪುರದ ಕಾಲೇಜಿನಲ್ಲಿ ಪಾಠ ಮುಗಿಸಿ, ಮುಂದಿನ ಪೀರಿಯಡ್ ಖಾಲಿ ಇತ್ತೆಂದು ಅವರ ಮನೆಗೆ ಹೋದೆ. ಸಾರ್ ವರಾಂಡದಲ್ಲಿ ಇಸ್ತ್ರಿ ಮಾಡಿದ ಷರಟು ಇನ್‌ಷರ್ಟ್ ಮಾಡಿಕೊಂಡು, ಪ್ಯಾಂಟು, ಬೆಲ್ಟು ಹಾಕಿಕೊಂಡು ಪೇಪರು ಓದುತ್ತಿದ್ದರು. ಬಾಗಿಲ ಬಳಿ ಪಾಲಿಷ್ ಮಾಡಿದ ಬೂಟು ಜೋಡಿಯಾಗಿ ನಿಂತಿತ್ತು. ಎಲ್ಲಿಗಾದರೂ ಹೊರಟಿದ್ದೀರಾ ಸಾರ್ ಎಂದರೆ, ಗೌರಮ್ಮನವರು ಒಳಗಿಂದ, “ಕೆಲ್ಸದ ದಿನ್ವೆಲ್ಲ ಇಂಗೇ ಕುಂತಿರ್ತಾರೆ ಕಣವ್ವ,” ಎಂದರು.

ನಾನು ಕೂರುವ ಮೊದಲೇ ಸಾರ್ ಕೇಳಿದರು: “ಎಂಗದೆ ಟೈಮ್‌ಟೇಬಲ್ಲು?”

ಆ ಷರಟನ್ನು, ಆ ಬೂಟನ್ನು ನೋಡಿದ ಮೇಲೆ ಯಾರಿಗೂ ಏನೂ ತೊಂದರೆಯಾಗಿಲ್ಲವೆಂಬ ನಿಜ ಹೇಳಲು ನನ್ನಿಂದಾಗಲಿಲ್ಲ. “ಗಬ್ಬೆದ್ದು ಹೋಗಿದೆ ಸಾರ್,” ಎಂದೆ.

ಅವರ ಮುಖ ಅರಳಿತು. “ಗೌರಾ, ಕೇಳುಸ್ತಾ? ನಾನ್ ಯೋಳಿರ್ಲಿಲ್ವಾ?” ಎಂದು ಒಳಕ್ಕೆ ಕೂಗಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. ಉಪ್ಪಿಟ್ಟು ಬಂತು. “ಯಾವ ಥರ ಗಬ್ಬು? ಸರ್ಯಾಗಿ ಯೋಳು.”

“ಒಂದೇ ಹೊತ್ತಿಗೆ ನನ್ನ ಹೆಸರು ಎರಡೂ ಊರಲ್ಲಿ ಹಾಕಿದ್ದಾರೆ ಸಾರ್. ನಂಜನಗೂಡಲ್ಲೂ ನಾನೇ, ಇಲ್ಲೂ ನಾನೇ.”

“ಅಯ್ಯೋ ಶಿವನೇ!” ತೊಡೆ ತಟ್ಟಿಕೊಂಡು ನಕ್ಕರು. ಅಷ್ಟು ಸಂತೋಷವಾಗಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. “ಯಾವತ್ತು? ಎಷ್ಟನೇ ಪೀರಿಯಡ್ಡು?”

“ಬುಧವಾರ. ಮೂರನೇದು,” ಎಂದೆ, ಬಾಯಿಗೆ ಬಂದದ್ದನ್ನು.

ಸಾರ್ ಕೈಗಡಿಯಾರ ನೋಡಿದರು. ಪೇಪರಿನ ಮೇಲಿದ್ದ ವಾರವನ್ನೂ ನೋಡಿದರು.

“ಇವತ್ತು ಬುಧವಾರ. ಈಗ ಮೂರನೇ ಪೀರಿಯಡ್ಡು,” ಎಂದರು ನಿಧಾನವಾಗಿ. “ಎರಡು ಊರಲ್ಲಿ ಇರ್ಬೇಕಾದೋಳು ನಮ್ಮನೇಲಿ ಉಪ್ಪಿಟ್ಟು ತಿಂತಾ ಕುಂತಿದ್ದೀಯ. ಒಂದು ಫೋನೂ ಬಂದಿಲ್ಲ.”

ನಾನು ತಲೆ ತಗ್ಗಿಸಿದೆ. ತಟ್ಟೆಯನ್ನು ಕೆಳಗಿಟ್ಟೆ.

“ಚೆನ್ನಾಗೇ ನಡೀತದೆ ಅಂದಂಗಾಯ್ತು.”

“ಹ್ಞೂಂ ಸಾರ್.”

“ಯಾರ್ ಮಾಡಿದ್ದು?”

“ಮಾದಪ್ಪ ಸಾರ್. ಹಳೇದನ್ನೇ ಜೆರಾಕ್ಸ್ ಮಾಡಿಸಿದ.”

ಅವರು ಪೇಪರು ಮಡಿಸಿಟ್ಟರು. ಆಮೇಲೆ ತಮ್ಮ ಎಂದಿನ ದನಿಯಲ್ಲೇ, ತರಗತಿಯಲ್ಲಿ ಲೆಕ್ಕ ಮುಗಿಸುವ ಹಾಗೆ, “ನಾನೋದ್ರೆ ನಷ್ಟ ಸೊನ್ನೆ ಅಂದಿತ್ತು. ಮಾಡೆಲ್ ಕರೆಕ್ಟಾಗೇ ಇತ್ತು ಬುಡು,” ಎಂದರು.

ಹಾಗಲ್ಲ ಸಾರ್ ಎಂದು ಹೇಳಬೇಕೆಂದಿದ್ದೆ. ಅವರು ಆಗಲೇ ಎದ್ದು, ಬಾಗಿಲ ಬಳಿಯ ಬೂಟನ್ನು ಕೈಯಲ್ಲಿ ಎತ್ತಿಕೊಂಡು ಒಳಗೆ ಹೋಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ಈಚೆ ಬಂದಾಗ ಪಂಚೆ ಉಟ್ಟಿದ್ದರು.