ಕ್ಲಿಪ್ಪಿಗೆ ಅಜ್ಜಿ ಹಚ್ಚಿದ ಮೇಣ

ಚಿತ್ತವಾಡ್ಗಿಯಲ್ಲಿ ಬೆಳಿಗ್ಗೆ ಒಗೆದು ಹಾಕಿದ ಬಿಳಿ ಯೂನಿಫಾರ್ಮು ಸಂಜೆಗೆ ಕೆಂಪಾಗುತ್ತಿದ್ದ ಕಾಲವದು. ಹಗಲೂ ರಾತ್ರಿ ಅದಿರಿನ ಲಾರಿಗಳು. ಅಪ್ಪನ ಲಾರಿಯೂ ಸಂಡೂರಿಗೆ ಓಡಾಡಲು ಶುರುಮಾಡಿದ ಮೇಲೆ ನಮ್ಮ ಮನೆಗೆ ಫ್ರಿಜ್ಜು ಬಂತು, ದೊಡ್ಡ ಟಿವಿ ಬಂತು, ಅದರ ಹಿಂದೆಯೇ ನನ್ನ ಹಲ್ಲಿಗೆ ಕ್ಲಿಪ್ಪೂ ಬಂತು. ನಾನಾಗ ಏಳನೇ ಕ್ಲಾಸು. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ಓಣಿಯಲ್ಲಿ ಕ್ಲಿಪ್ಪು ಹಾಕಿಸಿಕೊಂಡವಳು ನಾನೇ ಮೊದಲು. ಕಂಡಕಂಡವರ ಮುಂದೆಲ್ಲ ಹಲ್ಲು ಕಿಸಿದುಕೊಂಡು ತಿರುಗಿದೆ.

ಆ ಜಂಬ ಬಹಳ ದಿನ ಉಳಿಯಲಿಲ್ಲ. ತಂತಿಯ ತುದಿ ಕೆನ್ನೆಯ ಒಳಗೆ ಗೀರಿ ಬಿಳಿ ಹುಣ್ಣುಗಳೆದ್ದವು. ತಂತಿಗೆ ಅಂಟಿಸಿಕೊಳ್ಳಲು ಡಾಕ್ಟರು ಕೊಟ್ಟಿದ್ದ ಮೇಣ ಮುಗಿದಿತ್ತು. ಅವರು ಬಳ್ಳಾರಿಯಿಂದ ಬರುತ್ತಿದ್ದುದು ಭಾನುವಾರ ಮಾತ್ರ. ಅವ್ವ ಉಪ್ಪುನೀರು ಮುಕ್ಕಳಿಸಲು ಕೊಟ್ಟಳು, ಹುಣ್ಣಿಗೆ ತುಪ್ಪ ಸವರಿದಳು. ಊಟವೆಂದರೆ ಆರಿದ ಹಾಲು-ಅನ್ನ. ಸಂಜೆ ಓಣಿಯ ತುದಿಯ ಬಂಡಿಯಿಂದ ಮಿರ್ಚಿ ಕರಿಯುವ ವಾಸನೆ ಬಂದರೆ ಅಳುವೇ ಬರುತ್ತಿತ್ತು. ಗೆಳತಿ ಗಂಗಿ ಮಂಡಕ್ಕಿ ಒಗ್ಗರಣಿ-ಮಿರ್ಚಿಯ ಪೊಟ್ಟಣ ಹಿಡಿದು ನಮ್ಮ ಕಟ್ಟೆಯ ಮೇಲೆಯೇ ಬಂದು ಕೂರುತ್ತಿದ್ದಳು.

"ಒಂಚೂರು ತಿಂತಿಯೇನಲೇ?"

ಒಂದು ಸಂಜೆ ತಡೆಯಲಾರದೆ ಕಚ್ಚಿದೆ. ಖಾರ ಹುಣ್ಣಿಗೆ ತಾಗಿದ್ದೇ ತಡ, ಕೂಗಿಕೊಂಡು ಒಳಗೆ ಓಡಿದೆ.

"ಅಪ್ಪಾ, ಈ ಕ್ಲಿಪ್ಪು ನನಗ ಬ್ಯಾಡ. ತೆಗಿಸಿಬಿಡು!"

ಅಪ್ಪ ನನ್ನ ತಲೆ ಸವರಿದ. "ಆತು ಬಿಡವ್ವ, ಅಳಬ್ಯಾಡ. ಐತ್ವಾರ ಡಾಕ್ಟ್ರಿಗೆ ಹೇಳಿ ತೆಗಿಸಿಬಿಡೋಣು."

"ತೆಗಿಸಬ್ಯಾಡ," ಎಂದಳು ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ.

ಅಜ್ಜಿ ಎಂದರೆ ಅಪ್ಪನ ತಾಯಿ. ಯಾರ ಮಾತಿಗೂ ಅಡ್ಡ ಬಂದವಳಲ್ಲ. ನಕ್ಕರೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ನಗುತ್ತಿದ್ದಳು. ಅದು ಹಿಂದಿನ ಕಾಲದವರ ನಾಚಿಕೆ ಎಂದು ನಾನು ತಿಳಿದಿದ್ದೆ.

ಅಜ್ಜಿ ಎದ್ದುಹೋಗಿ ದೇವರ ಗೂಡಿನಿಂದ ಹಿತ್ತಾಳೆಯ ಪುಟ್ಟ ಡಬ್ಬಿ ತಂದಳು. ಮುತ್ತೈದೆಯಾಗಿದ್ದಾಗ ಹಣೆಗೆ ಮೊದಲು ಮೇಣ ಸವರಿ, ಅದರ ಮೇಲೆ ಕುಂಕುಮ ಒತ್ತುತ್ತಿದ್ದಳಂತೆ. ಮೇಣವಿದ್ದರೆ ಬೆವರಿಗೂ ಕುಂಕುಮ ಇಳಿಯುವುದಿಲ್ಲ. ತಾತ ಹೋದ ಮೇಲೆ ಹಣೆಗೆ ವಿಭೂತಿ ಮಾತ್ರ. ಆ ಡಬ್ಬಿ ತೆರೆದದ್ದನ್ನು ನಾನು ಕಂಡೇ ಇರಲಿಲ್ಲ. ಈಗ ಮುಚ್ಚಳ ತಿರುವಿ, ಕೆಂಪು ಹತ್ತಿದ್ದ ಮೇಲಿನ ಪದರವನ್ನು ಉಗುರಿನಿಂದ ಕೆರೆದಳು. ಒಳಗಿನ ಜೇನುಮೇಣವನ್ನು ಚೂರೇ ಚೂರು ಕಿತ್ತು ಬೆರಳ ನಡುವೆ ಹೊಸೆದಳು.

ಅವ್ವ ಗಾಬರಿಯಾದಳು. "ಅತ್ತೀ, ಆ ಡಬ್ಬಿ..."

"ಇಟ್ಕೊಂಡು ಏನ್ ಮಾಡ್ಲವ್ವ? ಕೂಸಿನ ಬಾಯಿಗಿಂತ ದೊಡ್ಡದೇನು ಇದು?"

ನನ್ನ ಬಾಯಿ ತೆರೆಸಿ ತಂತಿಯ ತುದಿಗೆ ಮೇಣ ಒತ್ತಿದಳು. ಜೇನಿನದೋ ಹಳೆಯ ಕುಂಕುಮದ್ದೋ ಒಂದು ವಾಸನೆ ಬಾಯಿ ತುಂಬಿತು. ಚುಚ್ಚುವುದು ನಿಂತಿತು. ಆದರೂ ನಾನು ಮುಖ ಊದಿಸಿಕೊಂಡೇ "ಐತ್ವಾರ ತೆಗಿಸ್ತೀನಿ" ಎಂದೆ.

ಆಗ ಅಜ್ಜಿ ಬಾಯಿಗೆ ಅಡ್ಡ ಬಂದಿದ್ದ ಸೆರಗು ಇಳಿಸಿ, ಬಾಯಿ ತೆರೆದು ತೋರಿಸಿದಳು. ಒಂದರ ಮೇಲೊಂದು ಹತ್ತಿ ಕುಳಿತ ಎರಡು ಹಲ್ಲು. ಥೇಟು ನನ್ನವೇ.

"ನನ್ನ ಮದುವಿ ಹಂದರದಾಗ ಯಾರೋ ಅಂದ್ರು, ಹುಡುಗಿ ಬಾಯಿ ಮುಚ್ಚಿಕೊಂಡ್ರ ಚೆಂದ ಅದಾಳ ಅಂತ. ಅವತ್ತಿನಿಂದ ಮುಚ್ಚೀನಿ ನೋಡು. ನೀ ಬಾಯಿ ತುಂಬ ನಗಬೇಕವ್ವ."

ಕ್ಲಿಪ್ಪು ಇರಲಿ ಎಂದೆ. ಭಾನುವಾರ ಹೋಗಿ ಡಾಕ್ಟರ ಕೈಲಿ ತಂತಿಯ ತುದಿ ಕತ್ತರಿಸಿಕೊಂಡು, ಹೊಸ ಮೇಣ ತಂದೆವು. ಅದಕ್ಕೆ ವಾಸನೆಯೇ ಇರಲಿಲ್ಲ. ಅಜ್ಜಿಯ ಡಬ್ಬಿಯದೇ ಬೇಕೆಂದು ಹಟ ಹಿಡಿದು ದಿನವೂ ಅವಳ ಮುಂದೆ ಬಾಯಿ ತೆರೆದು ಕುಳಿತೆ. ಹುಣ್ಣು ಮಾಯ್ದವು, ಡಬ್ಬಿ ಬರಿದಾಯಿತು. ಕೊನೆಗೆ ಕ್ಲಿಪ್ಪು ಬಿಚ್ಚಿದ ದಿನ ಅಜ್ಜಿ ನನ್ನ ಗಲ್ಲ ಹಿಡಿದೆತ್ತಿ ನೋಡಿ ನಕ್ಕಳು. ಸೆರಗು ಮಾತ್ರ ಬಾಯಿಗೆ ಅಡ್ಡ ಬಂದೇ ಬಂತು.

ಆಮೇಲೆ ಗಣಿಗಳು ಮುಚ್ಚಿ ಲಾರಿಗಳು ನಿಂತವು. ಅಪ್ಪನ ಲಾರಿ ಹೋಯಿತು, ಫ್ರಿಜ್ಜು ಕೆಟ್ಟು ಕುಳಿತಿತು, ಗಂಗಿ ಮದುವೆಯಾಗಿ ಕಂಪ್ಲಿಗೆ ಹೋದಳು, ಅಜ್ಜಿಯೂ ಹೋದಳು. ನನ್ನ ನೇರ ಹಲ್ಲುಗಳು ಉಳಿದವು. ಈಗ ಎಷ್ಟು ಮಿರ್ಚಿ ಬೇಕಾದರೂ ತಿನ್ನಬಹುದು. ಕಟ್ಟೆಯ ಮೇಲೆ ಜೊತೆಗೆ ಕೂರುವವರಿಲ್ಲ.

ಮೊನ್ನೆ ಅಜ್ಜಿಯ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲದರಲ್ಲೂ ಬಾಯಿಗೆ ಸೆರಗು, ಇಲ್ಲವೇ ಬಿಗಿದ ತುಟಿ. ಆ ಎರಡು ಹಲ್ಲು ಕಾಣುವ ಫೋಟೋ ಒಂದೂ ಇಲ್ಲ. ಅವು ಉಳಿಯುವುದಿದ್ದರೆ ನನ್ನ ಬಾಯಲ್ಲಿ ಉಳಿಯಬೇಕಿತ್ತು. ತನ್ನ ಮೇಣ ಹಚ್ಚಿ ಹಚ್ಚಿ ಅಜ್ಜಿಯೇ ಅವನ್ನು ನೇರ ಮಾಡಿಸಿಬಿಟ್ಟಳು. ಕನ್ನಡಿಯ ಮುಂದೆ ನಿಂತು ಬಾಯಿ ತುಂಬ ನಗುತ್ತೇನೆ, ಅಜ್ಜಿ ಕಾಣುವುದಿಲ್ಲ.