ಪಾಸು ಮೆಟ್ಟಿಲಿಗಲ್ಲ

ಬೈರಾಪಟ್ಟಣದಿಂದ ಚನ್ನಪಟ್ಟಣಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ನಮ್ಮ ವಿದ್ಯಾರ್ಥಿ ರಿಯಾಯಿತಿ ಪಾಸನ್ನು ಒಂದು ದಿನವೂ ಕೇಳಿದವರಲ್ಲ. ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರನ್ನು ಕಂಡರೆ ಮಾತ್ರ ಕಂಬಿಗೆ ಟಣ್ಣೆಂದು ಬಡಿಯುತ್ತಿದ್ದರು: "ಲೇ, ಸರ್ಕಾರ ಪಾಸ್ ಕೊಟ್ಟಿರೋದು ಬಸ್ಸೊಳಕ್ಕೆ ಕಣ್ರಲಾ, ಮೆಟ್ಲಿಗಲ್ಲ! ಒಸಿ ಒಳಕ್ಕೋಗ್ರಲಾ." ನಾವು ನಗುತ್ತಿದ್ದೆವೇ ಹೊರತು ಒಳಗೆ ಹೋಗುತ್ತಿರಲಿಲ್ಲ.

ಒಂದು ದಿನ ತಿರುವಿನಲ್ಲಿ ನನ್ನ ಕೈ ಜಾರಿತು. ಕಾಲ ಕೆಳಗೆ ಓಡುತ್ತಿದ್ದ ಟಾರು, ಪಕ್ಕದಲ್ಲೇ ಹಿಂದಿನ ಚಕ್ರ. ಕಣ್ಣು ಮುಚ್ಚಿದರೆ ಈಗಲೂ ಅದೇ ಕಾಣುತ್ತದೆ. ಅಷ್ಟರಲ್ಲಿ ಯಾರೋ ಬೆನ್ನಿನ ಬ್ಯಾಗು ಹಿಡಿದೆಳೆದರು. ನೋಡಿದರೆ ಕಂಡಕ್ಟರ್ ಕಾಲ ಬಳಿ ಬಿದ್ದಿದ್ದೆ.

ಅವರು ಬೈಯಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬಿಡಲೂ ಇಲ್ಲ. ಹಿಂದಿನ ಸೀಟಿನ ಅಜ್ಜಿ "ನಂಗೂ ಫ್ರೀ ಟಿಕೇಟು ಕೊಡಪ್ಪ" ಎಂದಾಗ, "ನೀನೇ ಬಾರವ್ವ, ನಾನ್ ಅಲ್ಲಾಡಂಗಿಲ್ಲ" ಎಂದರು.

"ಕರು ಹಿಡ್ಕಂಡಂಗೆ ಹಿಡ್ಕಂಡಿದ್ದೀಯಲ್ಲಪ್ಪ!" ಅಜ್ಜಿ ನಕ್ಕರು.

ಚನ್ನಪಟ್ಟಣದಲ್ಲಿ ಎಲ್ಲರೂ ಇಳಿದರು.

"ಬಿಡಿ ಸಾರ್, ಕಾಲೇಜಿಗೆ ಹೊತ್ತಾಯ್ತು" ಎಂದೆ.

ಅವರು ಪಟ್ಟಿಗೆ ಸುತ್ತಿಕೊಂಡಿದ್ದ ತಮ್ಮ ಬೆರಳುಗಳನ್ನೇ ನೋಡಿದರು.

"ಒಸಿ ತಡಿ ಮಗಾ" ಎಂದರು. "ಕೈ ಬುಡ್ತಾ ಇಲ್ಲ."