ಪರದೆಯ ಮೇಲಿನ ಪ್ರೆಸ್

ಕಂಪ್ಯೂಟರ್ ಪರದೆಯ ಮೇಲೆ ತಗಡು ಒತ್ತುವ ಪ್ರೆಸ್ ಯಂತ್ರದ ಅಚ್ಚು ಕೆಳಗಿಳಿದ ಕೂಡಲೇ ಪಕ್ಕದಲ್ಲಿದ್ದ ಈರಣ್ಣನವರು ಮೇಜಿನಿಂದ ಕೈಯನ್ನು ಸರಕ್ಕನೆ ಎಳೆದುಕೊಂಡರು. ಸದಾಶಿವ ಪೇಠದ ಕ್ಯಾಡ್ ಕ್ಲಾಸಿನಲ್ಲಿ ನಾವಿಬ್ಬರೂ ಕಂಪ್ಯೂಟರಿನಲ್ಲಿ ಯಂತ್ರದ ನಕ್ಷೆ ಬಿಡಿಸಿ, ಅದರ ಬಿಡಿಭಾಗಗಳು ಚಲಿಸುವಂತೆ ಜಾಯಿಂಟ್, ಅಂದರೆ ಕೀಲು, ಕೊಡುವುದನ್ನು ಕಲಿಯುತ್ತಿದ್ದೆವು. ಅವರ ಬಲಗೈಯಲ್ಲಿ ಎರಡು ಬೆರಳುಗಳಿಲ್ಲದ್ದು ಆಗಲೇ ನನ್ನ ಕಣ್ಣಿಗೆ ಬಿತ್ತು.

“ಇಂಥಾದೇ ಪ್ರೆಸ್ಸಿನ್ಯಾಗ ಹೋದೂ ತಂಗಿ,” ಎಂದರು.

“ಬ್ಯಾರೆ ಯಂತ್ರ ತಗೋರಿ ಅಣ್ಣಾರ, ಸರ್ ಏನೂ ಅನ್ನೂದಿಲ್ಲ,” ಎಂದೆ.

“ಬ್ಯಾಡವ್ವಾ. ಇದನ್ನ ಒಮ್ಮೆ ನಾನೇ ನಿಲ್ಲಿಸಬೇಕು.”

ಅಚ್ಚು ಎಲ್ಲಿಯವರೆಗೆ ಇಳಿಯಬೇಕೆಂಬ ಮಿತಿಯನ್ನು ಜಾಯಿಂಟಿಗೆ ಹಾಕಿ ಮತ್ತೆ ಓಡಿಸಿದರು. ಅದು ಇಳಿದು, ಅವರು ಹೇಳಿದಲ್ಲಿಗೆ ಬಂದು ನಿಂತಿತು. ಈರಣ್ಣನವರು ಅದನ್ನು ಮತ್ತೊಮ್ಮೆ ಓಡಿಸಿದರು, ಈ ಸಲ ಕೈಯನ್ನು ಮೇಜಿನ ಮೇಲೆಯೇ ಇಟ್ಟುಕೊಂಡು.

ಈಗ ನಾನು ಕೆಲಸಕ್ಕೆ ಸೇರಿರುವ ಆಫೀಸಿನಲ್ಲಿ ಯಾವ ಯಂತ್ರದ ನಕ್ಷೆ ಬಿಡಿಸಲು ಕುಳಿತರೂ, ಅದರ ಮುಂದೆ ನಿಂತು ದುಡಿಯುವ ಮನುಷ್ಯನ ನೆನಪು ಮೊದಲು ಬರುತ್ತದೆ.